ಬಿಳಿಗಾಲಿಯ ಎಡಗಣ್ಣು

ನಮ್ಮ ಕುದುರೆ ಬಿಳಿಗಾಲಿಯ ಎಡಗಣ್ಣಿನೊಳಗೆ ಹುಳ ಈಜುತ್ತಿದ್ದುದನ್ನು ಮೊದಲು ಕಂಡವಳು ನಾನು. ಬೆಳಿಗ್ಗೆ ನೀರಿಡಲು ಹೋದಾಗ ಕುದುರೆಯ ಕಣ್ಣಿನ ಮೇಲೆ ಬಿಳಿ ದಾರದಂಥದ್ದೊಂದು ಸುತ್ತಿಕೊಂಡು ಬಿಚ್ಚಿಕೊಂಡಿತು. ಕೂದಲಿರಬೇಕೆಂದು ಒರೆಸಿದೆ. ಹೋಗಲಿಲ್ಲ. ಅದು ಒಳಗಿತ್ತು. ಓಡಿಹೋಗಿ ಅಪ್ಪನಿಗೆ ಹೇಳಿದೆ.

ಅಪ್ಪ ಮರದ ಡಿಪೋಗೆ ಗಾಡಿ ಹೊಡೆಯುವವನು. ಹತ್ತು ದಿನದಿಂದ ಕುದುರೆ ದಾರಿಯಲ್ಲಿ ಸುಮ್ಮಸುಮ್ಮನೆ ಬೆಚ್ಚುತ್ತಿತ್ತು. ಮುದುಕಿಗೆ ಈಗ ವಯ್ಯಾರ ಶುರುವಾಗಿದೆ ಎಂದು ಬೈಯುತ್ತ, ಬೆಚ್ಚಿದಾಗೆಲ್ಲ ಅವನು ಬಾರುಕೋಲು ಬೀಸುತ್ತಿದ್ದ.

ಪಶುವೈದ್ಯೆ ಬಂದು ನೋಡಿದರು. ಮಧ್ಯಾಹ್ನವೇ ತೆಗೆಯೋಣ, ಅಲ್ಲಿಯವರೆಗೆ ಬೆಳಕಿನಲ್ಲೇ ಕಟ್ಟಿರಿ ಎಂದು ಹೇಳಿ, ಔಷಧಿ ತರಲು ನನ್ನನ್ನು ಜೊತೆಗೆ ಕರೆದೊಯ್ದರು. ನಾವು ಮರಳಿದಾಗ ಕುದುರೆ ಲಾಯದ ಕತ್ತಲ ಮೂಲೆಯಲ್ಲಿತ್ತು. ಎಡಗಣ್ಣಿಗೆ ಅಪ್ಪನ ಟವೆಲ್ಲು. ಬಿಸಿಲಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ನೋಡಲಾಗಲಿಲ್ಲ ಎಂದ.

ವೈದ್ಯೆ ಕಟ್ಟು ಬಿಚ್ಚಿದರು. ಹುಳ ಕಾಣಲಿಲ್ಲ. ಅಪ್ಪನ ಮುಖ ಅರಳಿತು. ಸುಮ್ಮನೆ ನಿಮಗೆ ತೊಂದರೆ ಕೊಟ್ಟೆ, ಟವೆಲ್ಲೇ ಡಾಕ್ಟರಾಯಿತು ಎಂದು ನಕ್ಕ.

ವೈದ್ಯೆ ನಗಲಿಲ್ಲ. "ಕತ್ತಲಲ್ಲಿ ಪಾಪೆ ಅಗಲ ಆಗತ್ತೆ ಯಜಮಾನ್ರೇ, ಬಾಗಿಲು ತೆರೆದಿಟ್ಟ ಹಾಗೆ. ಹುಳ ಅದರ ಹಿಂದಕ್ಕೆ ಹೋಗಿದೆ. ಅಲ್ಲಿಗೆ ನನ್ನ ಸೂಜಿ ಹೋಗಲ್ಲ."

ಹುಳ ತಾನಾಗೇ ಮುಂದೆ ಬರಬೇಕು, ಅಲ್ಲೇ ಉಳಿದರೆ ಕಣ್ಣು ಹೋದಂತೆಯೇ ಎಂದರು. ಅಪ್ಪ ಲಾಯದ ಬಾಗಿಲಲ್ಲಿ ಒಂದೂವರೆ ಗಂಟೆ ನಿಂತ. ಕುದುರೆ ರೆಪ್ಪೆ ಬಡಿದಾಗೆಲ್ಲ ಅವನೂ ರೆಪ್ಪೆ ಬಡಿಯುತ್ತಿದ್ದ.

ಕೊನೆಗೆ ಪಾಪೆಯ ಅಂಚಿನಲ್ಲಿ ಬಿಳಿ ತುದಿಯೊಂದು ಇಣುಕಿತು, ನಿಧಾನವಾಗಿ ಪೂರ್ತಿ ಈಚೆ ಬಂತು. ವೈದ್ಯೆ ಕೂಡಲೇ ಪಾಪೆ ಕಿರಿದಾಗಿಸುವ ಹನಿ ಬಿಟ್ಟರು. ಮಂಪರಿನ ಇಂಜೆಕ್ಷನ್ ಕೊಟ್ಟು, ಕಣ್ಣು ಮರಗಟ್ಟಿಸಿದರು. ನಾನು ಕುದುರೆಯ ತಲೆಯನ್ನು ಎದೆಗೊತ್ತಿ ಹಿಡಿದೆ. ಕಪ್ಪು ಬಿಳಿ ಕೂಡುವ ಅಂಚಿನಲ್ಲಿ ಸೂಜಿ ಒಳಹೊಕ್ಕಿತು. ಕಣ್ಣಿನ ನೀರು ಚಿಮ್ಮಿತು, ಅದರ ಜೊತೆಗೇ ಹುಳವೂ. ಬೆರಳುದ್ದದ್ದು, ಅವರ ಗ್ಲೌಸಿನ ಮೇಲೆ ಇನ್ನೂ ನುಲಿಯುತ್ತಿತ್ತು.

ಕಣ್ಣು ಉಳಿಯಿತು, ಎರಡು ವಾರ ಗಾಡಿ ಕಟ್ಟಬೇಡಿ ಎನ್ನುತ್ತ ವೈದ್ಯೆ ಹುಳವನ್ನು ಸೀಸೆಗೆ ಹಾಕಿದರು. ಅಪ್ಪ ಆ ಸೀಸೆಯನ್ನೇ ನೋಡುತ್ತಿದ್ದ.

"ಡಾಕ್ಟ್ರೇ, ಇದು ಒಳಗೆ ಓಡಾಡ್ತಿದ್ದಾಗ ಇವಳಿಗೆ ಕಾಣ್ತಿತ್ತಾ?"

"ಕಾಣದೆ ಏನು? ಕಣ್ಣೆದುರಿಗೇ ಏನೋ ಹಾದುಹೋದ ಹಾಗೆ ಆಗಿರತ್ತೆ. ಯಾಕೆ, ಬೆಚ್ಚುತ್ತಿರಲಿಲ್ವಾ?"

ಅಪ್ಪ ನನ್ನ ಕಡೆ ನೋಡಿದ. ಗೋಡೆಗೊರಗಿದ್ದ ಬಾರುಕೋಲನ್ನು ನಾನು ನೋಡಿದೆ.

ಮಂಪರು ಇಳಿಯುತ್ತಿದ್ದಂತೆ ಅವನು ಬಲಗಡೆಯಿಂದ, ಒಳ್ಳೆಯ ಕಣ್ಣಿನ ಕಡೆಯಿಂದ, ಕತ್ತು ಸವರಲು ಕೈ ಎತ್ತಿದ. ಬಿಳಿಗಾಲಿ ಆ ಕೈ ನೋಡಿತು. ತಲೆ ಹಿಂದಕ್ಕೆಳೆದುಕೊಂಡು ಗೋಡೆಗೆ ಅಂಟಿ ನಿಂತಿತು.

ಮದ್ದಿನ ಅಮಲು, ಗಾಬರಿಯಾಗಬೇಡಿ ಎಂದರು ವೈದ್ಯೆ.

ಅಪ್ಪ ಹೂಂ ಎಂದ. ಎತ್ತಿದ ಕೈ ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.