ಸಿಪ್ಪೆಗುಡ್ಡೆಯ ಅಧ್ಯಕ್ಷೆ

ಬಿಳಿಮರಡಿ ಗ್ರಾಮ ಪಂಚಾಯಿತಿಯಲ್ಲಿ ಅಧ್ಯಕ್ಷರಿಗೆಂದು ಒಂದು ತಿರುಗುವ ಕುರ್ಚಿ ಇದೆ. ಹಿಂದಿನ ಅಧ್ಯಕ್ಷರೆಲ್ಲ ಅದರಲ್ಲಿ ಕೂತು, ಒಮ್ಮೆ ಫ್ಯಾನಿನ ಕಡೆಗೆ ಒಮ್ಮೆ ಕಿಟಕಿಯ ಕಡೆಗೆ ತಿರುಗುತ್ತ, ತಮ್ಮ ಅವಧಿಯನ್ನು ಸುಖವಾಗಿ ಮುಗಿಸಿದ್ದರು. ಸಂಧ್ಯಾರಾಣಿ ಅಧ್ಯಕ್ಷೆಯಾದ ಮೇಲೆ ಕುರ್ಚಿ ತಿರುಗುವುದು ನಿಂತಿತು, ಅವಳು ತಿರುಗತೊಡಗಿದಳು. ಮೀಟಿಂಗಿನಲ್ಲೂ ನಿಂತೇ ಮಾತಾಡುವ ಹೆಂಗಸು. ಅವಳ ಅತ್ತೆ ಶಾಂತಾದೇವಿಯ ಪ್ರಕಾರ ಸೊಸೆ ಮನೆ ತುಂಬಿದ್ದೇ ಕಾಲಿಗೆ ಚಕ್ರ ಕಟ್ಟಿಕೊಂಡು.

ಈ ತಿರುಗಾಟಕ್ಕೆಲ್ಲ ಕಾರಣ ಅಡಿಕೆ ಸಿಪ್ಪೆ. ಚನ್ನಗಿರಿ ಕಡೆ ಮರದ ಮೇಲಿನ ಫಸಲನ್ನೇ ಗುತ್ತಿಗೆ ಹಿಡಿದು, ಕೊಯ್ಯಿಸಿ, ಸುಲಿಸಿ ಮಾರುವ ಕೇಣಿದಾರರಿದ್ದಾರೆ. ಅಡಿಕೆಯನ್ನು ಜೋಪಾನವಾಗಿ ಒಳಗೆ ಇಟ್ಟುಕೊಳ್ಳುತ್ತಾರೆ, ಸಿಪ್ಪೆಯನ್ನು ಟ್ರ್ಯಾಕ್ಟರಿಗೆ ತುಂಬಿ ರಸ್ತೆ ಬದಿಗೆ ಸುರಿಯುತ್ತಾರೆ. ಯಾರೋ ಕಡ್ಡಿ ಗೀರುತ್ತಾರೆ. ಯಾರೆಂದು ಇಷ್ಟು ವರ್ಷವಾದರೂ ಗೊತ್ತಾಗಿಲ್ಲ, ಗೊತ್ತಾಗಬೇಕೆಂದು ಯಾರಿಗೂ ಅನ್ನಿಸಿಯೂ ಇಲ್ಲ. ಸಿಪ್ಪೆ ಧಗಧಗ ಉರಿಯುವುದಿಲ್ಲ. ಒಳಗೊಳಗೇ ಬೇಯುತ್ತ ವಾರಗಟ್ಟಲೆ ಹೊಗೆ ಕಾರುತ್ತದೆ. ಪ್ರತಿ ಡಿಸೆಂಬರಿನಲ್ಲಿ ಆ ಹೊಗೆ ಊರೊಳಗೆ ಇಳಿದಾಗ ಶಾಂತಾದೇವಿಗೆ ಉಸಿರು ಕಟ್ಟುತ್ತಿತ್ತು, ದಾವಣಗೆರೆಯ ಆಸ್ಪತ್ರೆಯಲ್ಲಿ ಮೂಗಿಗೆ ಆಕ್ಸಿಜನ್ ಹಾಕಿಸಿಕೊಂಡು ನಾಲ್ಕೈದು ದಿನ ಮಲಗಬೇಕಾಗುತ್ತಿತ್ತು. ಮೂರು ವರ್ಷ ಆ ಮಂಚದ ಪಕ್ಕ ಕೂತೆದ್ದ ಸಂಧ್ಯಾರಾಣಿ ಚುನಾವಣೆಗೆ ನಿಂತಾಗ ಕೊಟ್ಟ ಮಾತು ಒಂದೇ: ಬಿಳಿಮರಡಿಯಲ್ಲಿ ಇನ್ನು ಸಿಪ್ಪೆ ಹೊಗೆಯಾಡುವುದಿಲ್ಲ.

ಮಾತು ಉಳಿಸಿಕೊಳ್ಳಲು ಆ ವರ್ಷ ಪ್ರತಿ ಕೇಣಿದಾರನ ಕಣಕ್ಕೂ ಹೋದಳು. ಬೇಡಿದಳು, ಬೈದಳು, ಕೊನೆಗೆ ಟ್ರ್ಯಾಕ್ಟರಿನ ಮುಂದೆ ನಿಂತಳು. ಶಾಲೆಯ ಹಿಂದಿನ ಎರಡೆಕರೆ ಪಂಚಾಯಿತಿ ಜಾಗಕ್ಕೆ ನೂರನಲವತ್ತು ಲೋಡು ಸಿಪ್ಪೆ ಬಂದು ಬಿತ್ತು. ಸ್ತ್ರೀಶಕ್ತಿ ಸಂಘದ ಹೆಂಗಸರು ಅದನ್ನು ಕೊಳೆಸಿ ಗೊಬ್ಬರ ಮಾಡುವುದು, ಮಾರಿದ ದುಡ್ಡಿನಲ್ಲಿ ಅವರಿಗೆ ಕೂಲಿ, ಉಳಿದದ್ದು ಪಂಚಾಯಿತಿಗೆ ಎಂದು ಏರ್ಪಾಡಾಯಿತು. ಕೊಳೆಯಲು ಬೇಕಾದದ್ದು ನೀರು. ಬೋರ್‌ವೆಲ್ ಇತ್ತು, ಮೋಟರಿತ್ತು, ಹೊಸ ಮೀಟರಿತ್ತು. ಡಿಸೆಂಬರ್ ಹೊಗೆಯಿಲ್ಲದೆ ಕಳೆಯಿತು.

ಜನವರಿ ಎರಡನೇ ವಾರ ಲೈನ್‌ಮನ್ ವಿನೋದ್ ಬಂದು, ಕೈಮುಗಿದು, ಫ್ಯೂಸ್ ಕಿತ್ತುಕೊಂಡು ಹೋದ.

ಪಂಚಾಯಿತಿ ಕರೆಂಟಿನ ಬಾಕಿ ನಲವತ್ತೊಂದು ಲಕ್ಷವಿತ್ತು. ಇಪ್ಪತ್ತು ವರ್ಷ ಹಗಲೂ ಉರಿದ ಬೀದಿದೀಪ, ಸೋರಿದ ಪೈಪು, ಯಾರೂ ಕಟ್ಟದ ಬಿಲ್ಲು, ಅದರ ಮೇಲೆ ಬಡ್ಡಿ. ಕುಡಿಯುವ ನೀರಿನ ಮೋಟರು ನಿಲ್ಲಿಸುವಂತಿಲ್ಲ ಎಂದು ಆದೇಶವಿದ್ದದ್ದರಿಂದ ಸಿಕ್ಕಿದ್ದು ಸಿಪ್ಪೆಯ ಮೋಟರು.

ಸಂಧ್ಯಾರಾಣಿ ಅಂದೇ ಚನ್ನಗಿರಿಯ ಕರೆಂಟ್ ಆಫೀಸಿಗೆ ಹೋದಳು. ಇಂಜಿನಿಯರ್ ಒಳ್ಳೆಯ ಮನುಷ್ಯ, ಟೀ ತರಿಸಿದ.

“ನೋಡ್ರಿ ಮೇಡಂ, ನಲವತ್ತೊಂದ್ರಾಗೆ ಐದು ಲಕ್ಷನಾದ್ರೂ ಕಟ್ರಿ. ಸಾಯಂಕಾಲನೇ ಫ್ಯೂಸ್ ಹಾಕಿಸ್ತೀನಿ.”

“ಐದು ಲಕ್ಷ ಎಲ್ಲೈತ್ರೀ ಸರ್? ಖಾತೇಲಿ ಇರೋದು ಒಂದು ಲಕ್ಷ, ಅದೂ ನೀರು ಬಿಡೋರ ಸಂಬಳ. ಹಿಂದಿನೋರು ಹಚ್ಚಿದ ದೀಪಕ್ಕೆ ನನ್ನ ಮೋಟ್ರು ನಿಲ್ಸಿದ್ರೆ ಹೆಂಗೆ?”

“ಬಾಕಿ ಕುರ್ಚಿ ಮ್ಯಾಲೆ ಇರ್ತೈತೆ ಮೇಡಂ. ಯಾರು ಕೂತಾರಂತ ನಾವು ನೋಡಾಕಾಗಲ್ಲ.”

“ನಾನು ಆ ಕುರ್ಚಿ ಮೇಲೆ ಕೂತೇ ಇಲ್ಲ ಕಣ್ರೀ!” ಎಂದು ಟೀ ಕುಡಿಯದೆ ಎದ್ದು ಬಂದಳು.

ಸೋಲಾರ್ ಪಂಪು ಹಾಕಿಸಿಕೊಂಡರೆ ಈ ಕರೆಂಟಿನ ಗೊಡವೆಯೇ ಇರುವುದಿಲ್ಲವಲ್ಲ ಎಂದು ತಾಲ್ಲೂಕು ಕಚೇರಿಗೆ ಹೋದಳು. ಕರೆಂಟ್ ಬಾಕಿ ಇರುವ ಪಂಚಾಯಿತಿಗೆ ಹೊಸ ಯೋಜನೆ ಕೊಡುವಂತಿಲ್ಲ ಎಂದರು. ಬಿಲ್ಲು ಕಟ್ಟಿಲ್ಲವೆಂದು ಬಿಲ್ಲೇ ಬಾರದ ಪಂಪು ಇಲ್ಲ! ಇದನ್ನು ಯಾವ ಪುಣ್ಯಾತ್ಮ ಬರೆದನೋ, ಅವನ ಮನೆಯ ಮುಂದೊಂದು ಲೋಡು ಸಿಪ್ಪೆ ಸುರಿಯಬೇಕು ಅನ್ನಿಸಿತು ಅವಳಿಗೆ.

ಸಿಪ್ಪೆ ಒಣಗತೊಡಗಿತು. ಸಂಧ್ಯಾರಾಣಿಗೆ ಊಟ ಸೇರದಾಯಿತು. ಬೆಳಿಗ್ಗೆ ಎದ್ದರೆ ಗುಡ್ಡೆಯ ಬಳಿ, ಮಧ್ಯಾಹ್ನ ಗುಡ್ಡೆಯ ಬಳಿ. ಕೈ ಹಾಕಿ ನೋಡುವಳು, ಮೂಸಿ ನೋಡುವಳು. ಬೀಡಿ ಸೇದುತ್ತ ಹೋಗುವವರನ್ನು ಕಂಡರೆ ಅಟ್ಟಿಸಿಕೊಂಡು ಹೋಗುವಳು. ಗೋಡೆಯಾಚೆ ಶಾಲೆಯ ಮಕ್ಕಳು ಮಗ್ಗಿ ಹೇಳುವುದು ಕೇಳಿದರೆ ಗುಡ್ಡೆಗೆ ಇನ್ನೊಂದು ಸುತ್ತು ಹಾಕುವಳು. ಒಂದು ದಿನ ಕೇಣಿದಾರ ವಿರೂಪಾಕ್ಷಪ್ಪ ಬೈಕು ನಿಲ್ಲಿಸಿ ಗುಡ್ಡೆಯನ್ನು ಉದ್ದಕ್ಕೂ ನೋಡಿದ.

“ಏನ್ ಅಧ್ಯಕ್ಷರೆ, ನಾವು ರಸ್ತೆ ಉದ್ದಕ್ಕೂ ಚೂರುಚೂರು ಸುಡ್ತಿದ್ವಿ. ನೀವು ಊರ ಸಿಪ್ಪೆನೆಲ್ಲ ಒಂದೇ ಕಡೆ ಕೂಡಾಕಿ, ಒಣಗಿಸಿ ಇಟ್ಟೀರಿ.”

ಅವನು ತಮಾಷೆಗೆ ಹೇಳಿದ್ದು. ಆದರೆ ಅದು ನಿಜವಾಗಿತ್ತು, ಮತ್ತು ಇಷ್ಟು ದಿನ ಅವಳನ್ನು ಕೊರೆಯುತ್ತಿದ್ದದ್ದೂ ಅದೇ. ಬಿಳಿಮರಡಿ ಕಂಡ ಅತಿ ದೊಡ್ಡ ಬೆಂಕಿಯನ್ನು ತಾನೇ ಒಟ್ಟಿ ಇಟ್ಟಿದ್ದಳು.

ಮಾರನೆಯ ದಿನ ಜಗಳೂರಿನ ಆಂಜನೇಯ ಲಾರಿ ತಂದ. ಪ್ರತಿ ವರ್ಷ ಅಲ್ಲಿಯ ಕುರಿಗೊಬ್ಬರವನ್ನು ಇಲ್ಲಿಯ ಅಡಿಕೆ ತೋಟಗಳಿಗೆ ಸುರಿದು, ಖಾಲಿ ಲಾರಿ ಹೊಡೆದುಕೊಂಡು ಹೋಗುವವನು. ಸಂಧ್ಯಾರಾಣಿ ಗುಡ್ಡೆಯ ಸುತ್ತ ಸುತ್ತುವುದನ್ನು ನೋಡಿ ಏನೆಂದು ಕೇಳಿದ. ಕೇಳಿ ನಕ್ಕ.

“ನೀರಿಲ್ಲಾಂದ್ರೆ ಕುರಿ ತಂದು ನಿಲ್ಸ್ರಿ ಅಮ್ಮಾರೆ. ಹೊಲಕ್ಕೆ ಮಂದೆ ನಿಲ್ಲಿಸಲ್ವಾ, ಹಂಗೇ. ಆರುನೂರು ಕುರಿ ಒಂದು ರಾತ್ರಿ ನಿಂತ್ರೆ ತುಳ್ದು ತುಳ್ದು ಅಪ್ಪಚ್ಚಿ ಮಾಡ್ತಾವೆ. ಹಿಕ್ಕೆ ಹಾಕ್ತಾವೆ, ಉಚ್ಚೆ ಹೊಯ್ತಾವೆ. ಆಮೇಲೆ ಕಡ್ಡಿ ಗೀರಿದ್ರೂ ಹತ್ತಲ್ಲ. ನಮ್ಮತ್ತಿಗೆ ಕೆಂಪಕ್ಕನ ಮಂದೆ ನ್ಯಾಮತಿ ಕಡೆ ಗದ್ದೆ ಬಯಲಾಗೆ ಮೇಯಾಕೆ ಬಂದೈತೆ.”

ಅವಳು ಚಪ್ಪಲಿ ಬದಲಿಸಲೂ ಮನೆಗೆ ಹೋಗಲಿಲ್ಲ. ಹೊನ್ನಾಳಿಯಲ್ಲಿ ಬಸ್ಸಿಳಿದು, ನ್ಯಾಮತಿ ಬಸ್ಸು ಹತ್ತಿ, ಸೂರಗೊಂಡನಕೊಪ್ಪಕ್ಕೆ ಹೋಗುವ ಆಟೋದಲ್ಲಿ ಜನರ ನಡುವೆ ತೂರಿಕೊಂಡು, ದಾರಿಯಲ್ಲಿ ಇಳಿದು, ಕೊಯ್ದ ಗದ್ದೆಗಳಲ್ಲಿ ಒಂದು ಮೈಲಿ ನಡೆದಳು. ಕೆಂಪಕ್ಕ ಬದುವಿನ ಮೇಲೆ ಕೂತು ಮರಿಯೊಂದರ ಕಾಲಿಗೆ ಅರಿಶಿನ ಹಚ್ಚುತ್ತಿದ್ದಳು. ಅರವತ್ತರ ಹೆಂಗಸು. ಎದುರಿಗೆ ಏದುಸಿರು ಬಿಡುತ್ತ ನಿಂತ ಅಧ್ಯಕ್ಷೆಯ ಮಾತನ್ನೆಲ್ಲ ತಲೆಯೆತ್ತದೆ ಕೇಳಿದಳು.

“ಹತ್ತು ರಾತ್ರಿ ನಿಲ್ಲಿಸ್ತೀನಿ. ಏನು ಕೊಡ್ತೀರಿ?”

ಸಂಧ್ಯಾರಾಣಿ ನಿಜ ಹೇಳಿದಳು. ಪಂಚಾಯಿತಿಯಲ್ಲಿ ದುಡ್ಡಿಲ್ಲ.

ಕೆಂಪಕ್ಕ ಈಗ ತಲೆಯೆತ್ತಿದಳು. “ಜಗಳೂರು ಕಡೆ ಸೊಕ್ಕೆ ಅಂತ ನಮ್ಮೂರು, ಅಲ್ಲಿ ನಂದು ಎರಡೆಕರೆ ಐತ್ರೀ. ನಮ್ಮ ಕುರಿ ಗೊಬ್ಬರ ಊರೂರ ತೋಟಕ್ಕೆ ಹೋಗ್ತೈತೆ. ಹೊಟ್ಟೆಗೆ ಬೇಕಲ್ಲ, ಮಾರ್ತೀವಿ. ನನ್ನ ಹೊಲ ಮಾತ್ರ ಗೊಬ್ಬರದ ಮುಖ ನೋಡಿ ಹತ್ತು ವರ್ಷ ಆತು. ಗೊಬ್ಬರ ಆದ್ಮೇಲೆ ಒಂದು ಲಾರಿ ಲೋಡು ಕಳಿಸ್ರಿ, ಮೆಕ್ಕೆಜೋಳ ಬಿತ್ತೋಕೆ ಮುಂಚೆ. ದುಡ್ಡು ಬ್ಯಾಡ.”

“ಕಳಿಸ್ತೀನಿ.”

“ಮಾತು?”

“ಮಾತು,” ಎಂದು ಸಂಧ್ಯಾರಾಣಿ ಅವಳ ಅರಿಶಿನದ ಕೈಯನ್ನೇ ಹಿಡಿದುಕೊಂಡಳು.

ನಾಲ್ಕು ದಿನ ನಡೆದು ಮಂದೆ ಬಿಳಿಮರಡಿಗೆ ಬಂತು. ಸಂಘದ ಹೆಂಗಸರು ಗುಡ್ಡೆಯನ್ನು ಮೊಣಕಾಲೆತ್ತರಕ್ಕೆ ಹರಡಿದರು. ದಿನಕ್ಕೊಂದು ಭಾಗದಲ್ಲಿ ಬಲೆ ಕಟ್ಟಿ ಕುರಿ ನಿಲ್ಲಿಸಿದರು. ಊರು ನಕ್ಕಿತು. ಅಧ್ಯಕ್ಷೆಯ ಮೀಟಿಂಗಿಗೆ ಆರುನೂರು ಸದಸ್ಯರು ಬಂದಿದ್ದಾರೆ ಎಂದು ವಿರೂಪಾಕ್ಷಪ್ಪ ಟೀ ಅಂಗಡಿಯಲ್ಲಿ ಹೇಳಿದ್ದು ಅವಳ ಕಿವಿಗೂ ಬಿತ್ತು. ಹತ್ತನೆಯ ಬೆಳಿಗ್ಗೆ ಸಿಪ್ಪೆಯೊಳಗೆ ಕೈ ಹಾಕಿದಳು. ಬೆಚ್ಚಗೆ, ಒದ್ದೆಯಾಗಿ, ಗಬ್ಬು ನಾರುತ್ತಿತ್ತು. ಆ ನಾತ ಅವಳಿಗೆ ಎಷ್ಟು ಹಿತವಾಯಿತೆಂದರೆ ಅಂದು ಎರಡು ರೊಟ್ಟಿ ಹೆಚ್ಚಿಗೆ ತಿಂದಳು.

ನೆಮ್ಮದಿ ಏಪ್ರಿಲ್‌ವರೆಗೆ ಇತ್ತು. ಆಮೇಲೆ ಪಿಡಿಒ ಕಲ್ಪನಾ ತಾಲ್ಲೂಕು ಕಚೇರಿಯ ಒಂದು ಕಾಗದ ಹಿಡಿದುಕೊಂಡು ಬಂದಳು. ಪಂಚಾಯಿತಿಯ ಕೆಲಸಕ್ಕೆಲ್ಲ ಅವಳದೇ ಲೆಕ್ಕ, ಅವಳದೇ ರುಜು. ಕಡ್ಡಿ ಮುರಿದಂತೆ ಮಾತಾಡುವ ಹುಡುಗಿ, ಅಂದು ಮಾತ್ರ ತಡವರಿಸಿದಳು.

“ಮೇಡಂ, ಗೊಬ್ಬರ ಎಲ್ಲಾ ಹರಾಜು ಹಾಕಿ ಕರೆಂಟ್ ಬಾಕಿಗೆ ಕಟ್ಬೇಕಂತೆ. ಸಂಘದೋರ ಕೂಲಿ ಠರಾವಲ್ಲಿ ಐತೆ, ಅದನ್ನ ಮೊದಲು ತೆಗೀಬೋದು. ಉಳಿದಿದ್ದು ಒಂದು ಬುಟ್ಟಿನೂ ಹೊರಗೆ ಹೋಗಂಗಿಲ್ಲ.”

“ಕೆಂಪಕ್ಕಂದು ಒಂದು ಲೋಡು ಐತಲ್ರೀ.”

“ಎಲ್ಲೈತೆ ಮೇಡಂ? ಠರಾವಿಲ್ಲ, ಪತ್ರ ಇಲ್ಲ. ನೀವು ಗದ್ದೇಲಿ ನಿಂತು ಮಾತು ಕೊಟ್ಟು ಬಂದ್ರಿ. ನಾನು ಏನಂತ ಬರೀಲಿ?”

ಸಂಧ್ಯಾರಾಣಿಗೆ ಸಿಟ್ಟು ಬಂದದ್ದು ತನ್ನ ಮೇಲೆಯೇ. ಊರಿಡೀ ಅಲೆಯಲು ಪುರುಸೊತ್ತಿತ್ತು, ಠರಾವು ಪುಸ್ತಕದಲ್ಲಿ ನಾಲ್ಕು ಸಾಲು ಬರೆಸಲು ಇರಲಿಲ್ಲ. ಅವರಿವರು ಮಾಡಿದ ನಲವತ್ತೊಂದು ಲಕ್ಷ ಪುಸ್ತಕದಲ್ಲಿ ಭದ್ರವಾಗಿತ್ತು. ಅವಳು ಖುದ್ದಾಗಿ ಮಾಡಿದ ಒಂದೇ ಒಂದು ಸಾಲ ಎಲ್ಲೂ ಇರಲಿಲ್ಲ. ಅಧ್ಯಕ್ಷರಾದವರು ಹರಾಜು ಕೂಗುವಂತಿಲ್ಲ. ಹರಾಜು ಹಿಡಿಯುವವರಿಂದ ಕೊಂಡರಾಯಿತೆಂದು, ಹರಾಜು ಹೇಗೂ ತನ್ನದೇ ಎಂದುಕೊಂಡಿದ್ದ ವಿರೂಪಾಕ್ಷಪ್ಪನನ್ನು ಕೇಳಿದರೆ, ಒಟ್ಟು ಗೊಬ್ಬರಕ್ಕೂ ಹೊನ್ನಾಳಿಯ ತೋಟದವರ ಜೊತೆ ಮಾತಾಗಿದೆ, ಮುಂಗಡವೂ ಬಂದಿದೆ ಎಂದ.

ಮೇ ಕೊನೆಗೆ ಕೆಂಪಕ್ಕನ ಫೋನು ಬಂತು. “ಅಮ್ಮಾರೆ, ಮೋಡ ಕಟ್ಟೈತೆ. ಇನ್ನೊಂದು ವಾರಕ್ಕೆ ಬಿತ್ತಾಕೆ ಶುರು ಮಾಡ್ತಾರೆ. ಲಾರಿ ಯಾವತ್ತು?”

“ಬರ್ತೈತೆ ಕೆಂಪಕ್ಕ, ಬರ್ತೈತೆ,” ಎಂದು ಹೇಳಿ ಫೋನಿಟ್ಟಳು. ಆಮೇಲೆ ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದಳು. ಅಕ್ಕಿ ಆರಿಸುತ್ತಿದ್ದ ಶಾಂತಾದೇವಿ ಮೊರದಿಂದ ಕಣ್ಣೆತ್ತಿ ನೋಡಿದರು.

“ಸುಳ್ಳು ಹೇಳಿದ್ಯಲ್ಲೇ.”

“ಹೂಂ ಅತ್ತೆ.”

“ನಿಂಗೆ ಹೇಳಾಕೆ ಬರಲ್ಲ, ಬಿಡು,” ಎಂದರು ಮುದುಕಿ.

ಎರಡೇ ದಿನಕ್ಕೆ ಹರಾಜು. ಗೊಬ್ಬರವನ್ನು ಲಾರಿಗೊಂದರಂತೆ ಹನ್ನೊಂದು ಪಾಲು ಮಾಡಿ, ಒಂದೊಂದಕ್ಕೂ ಸುಣ್ಣದ ಗೆರೆ ಎಳೆದಿದ್ದರು. ಕರಿಮಣ್ಣಿನಂತೆ ಪುಡಿಪುಡಿಯಾಗಿತ್ತು. ಅಧ್ಯಕ್ಷರ ತಿರುಗುವ ಕುರ್ಚಿಯನ್ನು ಬೇವಿನ ಮರದ ಕೆಳಗೆ ತಂದಿಟ್ಟಿದ್ದರು. ಸಂಧ್ಯಾರಾಣಿ ಅದರ ಬೆನ್ನು ಹಿಡಿದು ನಿಂತಿದ್ದಳು. ಕೂಗಲು ಬಂದವರು ನಾಲ್ಕೇ ಜನ. ಅವರಲ್ಲಿ ಮೂವರು ವಿರೂಪಾಕ್ಷಪ್ಪನ ಮುಖ ನೋಡಿ ಸುಮ್ಮನಾಗುವವರು. ಹತ್ತು ಪಾಲು ತಲಾ ಹತ್ತು ಸಾವಿರದ ಆಸುಪಾಸಿನಲ್ಲಿ ಅವನಿಗೇ ಹೋದವು. ಒಂದೊಂದು ಪಾಲು ಹೋದ ಹಾಗೂ ಸಂಧ್ಯಾರಾಣಿಗೆ ಕೆಂಪಕ್ಕನ ಅರಿಶಿನದ ಕೈ ಕಣ್ಣ ಮುಂದೆ ಬರುತ್ತಿತ್ತು. ನಾಚಿಕೆಯಿಂದ ನೆಲ ನೋಡುತ್ತ ನಿಂತಳು.

“ಹನ್ನೊಂದನೇ ಪಾಲು. ಸರ್ಕಾರಿ ಸವಾಲು ಎಂಟು ಸಾವಿರ,” ಎಂದಳು ಕಲ್ಪನಾ.

“ಒಂಬತ್ತು,” ಎಂದ ವಿರೂಪಾಕ್ಷಪ್ಪ, ಹಲ್ಲಿಗೆ ಕಡ್ಡಿ ಹಾಕಿಕೊಳ್ಳುತ್ತ.

“ಹದಿನೈದು.”

ಎಲ್ಲರೂ ತಿರುಗಿದರು. ಶಾಲೆಯ ಗೋಡೆ ಹಿಡಿದುಕೊಂಡು ಶಾಂತಾದೇವಿ ನಿಧಾನವಾಗಿ ಬರುತ್ತಿದ್ದರು, ಸೆರಗಿನ ತುದಿಯಲ್ಲಿ ಗಂಟು. ಕಲ್ಪನಾ ತಬ್ಬಿಬ್ಬಾಗಿ ನಿಯಮಗಳ ಹಾಳೆ ತಿರುವಿದಳು, ಮತ್ತೆ ತಿರುವಿದಳು. ಅಧ್ಯಕ್ಷರು ಕೂಗಬಾರದು ಎಂದಿತ್ತು, ಸದಸ್ಯರು ಕೂಗಬಾರದು ಎಂದಿತ್ತು. ಅತ್ತೆಯರ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ.

“ಅಮ್ಮಾರೆ, ನಿಮಗ್ಯಾಕ್ರೀ ಗೊಬ್ಬರ?” ವಿರೂಪಾಕ್ಷಪ್ಪ ನಕ್ಕ. “ಹಿತ್ತಲಾಗೆ ಇರೋದು ಎರಡು ತೆಂಗಿನ ಮರ.”

“ಕುರಿಯೋರಿಗೆ ಕೊಡಾಕೆ. ನನ್ನ ಸೊಸೆ ಮಾತು ಕೊಟ್ಟಾಳೆ.”

“ಅಲ್ರೀ, ಹದಿನೈದು ಸಾವಿರ ಸುಮ್ಸುಮ್ನೆ…”

“ಸುಮ್ನೆ ಅಲ್ಲಪ್ಪ.” ಶಾಂತಾದೇವಿ ಗಂಟು ಬಿಚ್ಚಿದರು. “ಇದು ವರ್ಷಾ ವರ್ಷಾ ಆಸ್ಪತ್ರೆಗಂತ ಎತ್ತಿಡೋ ದುಡ್ಡು. ನೀವು ಸಿಪ್ಪೆ ಸುಟ್ಟಾಗ ಬೇಕಾಗ್ತಿತ್ತಲ್ಲ, ಅದು. ಈ ಸಲ ಡಿಸೆಂಬರ್ ಹೋತು, ಶಿವರಾತ್ರಿ ಹೋತು, ಯುಗಾದಿನೂ ಹೋತು. ನಾನು ದಾವಣಗೆರೆಗೆ ಹೋಗ್ಲೇ ಇಲ್ಲ. ಪೆಟ್ಟಿಗೇಲಿ ಹಂಗೇ ಕೂತೈತೆ.”

ವಿರೂಪಾಕ್ಷಪ್ಪ ಬಾಯಲ್ಲಿದ್ದ ಕಡ್ಡಿ ತೆಗೆದು ಎಸೆದ. ಮೇಲೆ ಕೂಗಲಿಲ್ಲ.

“ಹದಿನೈದು ಸಾವಿರ ಒಂದನೇ ಸಲ,” ಎಂದಳು ಕಲ್ಪನಾ, “ಎರಡನೇ ಸಲ,” ಮತ್ತು ಮೂರನೆಯದನ್ನು ಅವಸರವಸರವಾಗಿ ಹೇಳಿಬಿಟ್ಟಳು.

ಹರಾಜಿನ ದುಡ್ಡಿನಲ್ಲಿ ಸಂಘದವರ ಕೂಲಿ ಕಳೆದು ಉಳಿದದ್ದು ಅರವತ್ತೆಂಟು ಸಾವಿರ. ಅದು ಬಾಕಿಗೆ ಹೋಗುತ್ತದೆ, ಬಾಕಿ ಇನ್ನೂ ನಲವತ್ತು ಲಕ್ಷದ ಮೇಲೆಯೇ ಇರುತ್ತದೆ, ಫ್ಯೂಸ್ ಬರುವುದಿಲ್ಲ. ದಸರೆಯ ಹೊತ್ತಿಗೆ ಮತ್ತೆ ಟ್ರ್ಯಾಕ್ಟರುಗಳು ಬರುತ್ತವೆ. ಇದೆಲ್ಲ ಸಂಧ್ಯಾರಾಣಿಗೆ ಗೊತ್ತಿತ್ತು. ಆದರೂ ಅವಳು, ಎಲ್ಲರೂ ನೋಡುತ್ತಿರುವಂತೆಯೇ ಆ ಕುರ್ಚಿಯಲ್ಲಿ ಕೂತು, ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು.

ಶಾಂತಾದೇವಿ ಸ್ವಲ್ಪ ಹೊತ್ತು ಅಳಲು ಬಿಟ್ಟರು. ಆಮೇಲೆ ಕುರ್ಚಿಯ ಕೈ ಹಿಡಿದು ಸೊಸೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

“ಕೂತಿದ್ದು ಸಾಕು, ಏಳು. ಆಂಜನೇಯಂಗೆ ಫೋನ್ ಮಾಡು. ಲಾರಿ ಬಾಡಿಗೆ ನಿಂದು.”