ಕೊಳೆಯಾಗದ ಅಂಗಿ

ಶಿಶುಕೇಂದ್ರದ ಕಾನೂನು ಒಂದೇ: ತಂದೆ ತಾಯಿ ಇಬ್ಬರೂ ದುಡಿಯುತ್ತಿರಬೇಕು. ಒಬ್ಬರು ಮನೆಯಲ್ಲಿದ್ದರೆ ಮಗುವಿಗೆ ಅಲ್ಲಿ ಜಾಗವಿಲ್ಲ.

ಅವನು ದುಡಿಯುತ್ತಿದ್ದ ಲೇತ್ ಕಾರ್ಖಾನೆಗೆ ಬೀಗ ಬಿದ್ದ ದಿನ ಗಂಡ ಹೆಂಡತಿ ಮೊದಲು ಯೋಚಿಸಿದ್ದು ಇದನ್ನೇ. ಮಗಳನ್ನು ಮನೆಯಲ್ಲಿಟ್ಟುಕೊಂಡರೆ ಅವನು ಕೆಲಸ ಹುಡುಕಲು ಹೋಗುವಂತಿಲ್ಲ. ಕೆಲಸ ಸಿಗದೆ ಅವಳನ್ನು ಕೇಂದ್ರದಲ್ಲಿ ಬಿಡುವಂತಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು.

ಹಾಗಾಗಿ ಅವನು ದಿನಾ ಬೆಳಿಗ್ಗೆ ಅದೇ ನೀಲಿ ಸಮವಸ್ತ್ರ ತೊಟ್ಟು, ಊಟದ ಡಬ್ಬಿ ಹಿಡಿದು, ಮಗಳನ್ನು ಕೇಂದ್ರಕ್ಕೆ ಬಿಟ್ಟು ಕಾರ್ಖಾನೆಯಿಂದ ಕಾರ್ಖಾನೆಗೆ ಅಲೆಯುತ್ತಿದ್ದ. ಕಾಲು ಸೋತರೆ ಬಸ್ ನಿಲ್ದಾಣದ ಬೆಂಚು.

ಒಂದು ಸಂಜೆ ಕೇಂದ್ರದ ಆಯಾ ಮಗಳಿಗೆ ಚಪ್ಪಲಿ ಹಾಕುತ್ತಾ ತಲೆಯೆತ್ತದೆ ಕೇಳಿದಳು: "ಅಣ್ಣಾ, ನಿಮ್ಮ ಲೇತು ಈಗ ಎಣ್ಣೆ ಬಿಟ್ಟು ಹಾಲು ಕುಡಿಯುತ್ತಾ?"

"ಯಾಕಕ್ಕಾ?"

"ಅಂಗಿ ನೋಡ್ಕೊಳ್ಳಿ, ಒಳ್ಳೆ ಮದುಮಗ ಇದ್ದಂಗಿದೀರ. ಮೊದಲೆಲ್ಲ ನೀವು ಒರಗಿದ್ರೆ ಬಾಗಿಲಿಗೂ ಕಲೆ ಆಗ್ತಿತ್ತು. ನಂಗೆ ಕಂಡಿದ್ದು ಮೇಡಂಗೆ ಕಾಣೋಕೆ ಎಷ್ಟೊತ್ತು?"

ಹೆಂಡತಿ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವವಳು. ಕಲೆ ಕಂಡರೆ ಅವಳ ಕೈ ಸುಮ್ಮನಿರದು. ಸಮವಸ್ತ್ರವನ್ನು ಒಗೆದು, ಗೆರೆ ಬರುವಂತೆ ಇಸ್ತ್ರಿ ಮಾಡಿ ಕೊಡುತ್ತಿದ್ದವಳು ಅವಳೇ.

"ನನ್ನ ಕೈಗಿಷ್ಟು ಬೆಂಕಿ ಬೀಳ," ಎಂದಳು, ಆ ರಾತ್ರಿ ಅವನು ಆಯಾ ಮಾತು ಹೇಳಿದಾಗ. "ಕೆಲಸ ಕೇಳೋಕೆ ಹೋಗೋರು ಚೊಕ್ಕವಾಗಿರ್ಲಿ ಅಂದ್ಕೊಂಡೆ ಕಣ್ರೀ."

ಹೊಲಿಗೆ ಯಂತ್ರದ ಎಣ್ಣೆಯಲ್ಲಿ ಚಿಂದಿಯೊಂದನ್ನು ಅದ್ದಿ ಅಂಗಿಯ ತೋಳಿಗೆ, ಎದೆಗೆ ಬಳಿದಳು. ಬಳಿಯುವಾಗ ಮುಖ ಆ ಕಡೆ ತಿರುಗಿಸಿಕೊಂಡಿದ್ದಳು.

ಬೆಳಿಗ್ಗೆ ಎತ್ತಿಕೊಂಡಾಗ ಮಗಳು ಅಪ್ಪನ ಹೆಗಲಿಗೆ ಮೂಗಿಟ್ಟು ಮೂಸಿದಳು. ಮತ್ತೆ ಎಣ್ಣೆಯ ವಾಸನೆ. ಇಳಿದವಳು ದಾರಿಯುದ್ದಕ್ಕೂ ಕುಣಿದಳು. ಕೇಂದ್ರದ ಬಾಗಿಲಲ್ಲಿ ಮೇಡಂ ನಿಂತಿದ್ದರು.

"ಮೇಡಂ, ನಮ್ಮಪ್ಪಂಗೆ ಕೆಲಸ ಸಿಕ್ತು!"

ಅವನು ಮಗಳ ಕೈ ಹಿಡಿದು ಜಗ್ಗಿದ.

"ಸಿಕ್ತಾ? ಅಂದ್ರೆ?" ಮೇಡಂ ಅವನ ಕಡೆ ನೋಡಿದರು.

ಆಯಾ ನಡುವೆ ಬಾಯಿ ಹಾಕಿದಳು: "ಬಡ್ತಿ, ಮೇಡಂ. ಬಡ್ತಿ ಸಿಕ್ಕಿದೆ, ಮಗು ಹಂಗಂತಿದೆ. ಅಲ್ವಾ ಅಣ್ಣಾ?"

ಅವನು ಗೋಣಾಡಿಸಿದ.

"ತುಂಬಾ ಸಂತೋಷ ಕಣಪ್ಪಾ." ಮೇಡಂಗೆ ನಿಜವಾಗಿಯೂ ಸಂತೋಷವಾಗಿತ್ತು. "ಹಾಗಾದ್ರೆ ಹೊಸ ಸಂಬಳದ ಚೀಟಿ ಸೋಮವಾರ ತಂದುಬಿಡಿ. ಸಂಬಳ ಹೆಚ್ಚಾದ್ರೆ ಶುಲ್ಕಾನೂ ಬದಲಾಗುತ್ತಲ್ಲ."

ಆಯಾ ನಾಲಿಗೆ ಕಚ್ಚಿಕೊಂಡು ಗೋಡೆ ನೋಡಿದಳು.

ಅವನು ಬೀದಿಗಿಳಿದಾಗ ಕಿಟಕಿಯಿಂದ ಮಗಳು ಕೂಗಿದಳು: "ಲೇಟಾಗುತ್ತೆ, ಓಡಪ್ಪಾ!"

ಅವನು ಓಡಿದ. ತಿರುವು ದಾಟಿ ಅವಳ ಕಣ್ಣಿಗೆ ಮರೆಯಾಗುವವರೆಗೂ ಓಡಿದ. ಬಸ್ ನಿಲ್ದಾಣದ ಬೆಂಚು ಖಾಲಿಯಿತ್ತು. ಒರಗಿ ಕೂತರೆ ಅಂಗಿಯ ಎಣ್ಣೆ ಅಳಿಸಿಹೋದೀತೆಂದು ನಿಂತೇ ಇದ್ದ.