ದನಿ ಗುರುತಿನ ಕಾವೇರಿ

ಮುನಿಲಕ್ಷ್ಮಮ್ಮ ಚಟ್ಟಕ್ಕೆ ಸೇವಂತಿಗೆ ಹಾರ ಬಿಗಿಯುತ್ತಿದ್ದವಳು ಇದ್ದಕ್ಕಿದ್ದಂತೆ ನಕ್ಕುಬಿಟ್ಟಳು. ಕೆ.ಆರ್. ಪುರದ ಆ ಬಾಡಿಗೆ ಕೋಣೆಯ ಮುಂದೆ ಕೂತವರೆಲ್ಲ ತಲೆಯೆತ್ತಿದರು.

“ಏನಿಲ್ಲ ಕಣ್ರೀ, ನೆನಪಾಯ್ತು. ಎಂಟು ವರ್ಷ ನನ್ ಹೂವಿನ ಅಂಗಡೀಲಿ ಕೂತ್ಲು ಕಾವೇರಿ. ಒಬ್ಬರ ಮುಖಾನೂ ಗುರುತು ಹಿಡೀಲಿಲ್ಲ. ದನಿ ಕೇಳಿದ್ರೆ ಸಾಕು, ಅವರ ಮನೆ ಕಥೆಯೆಲ್ಲ ಹೇಳೋಳು.”

ರಸೆಲ್ ಮಾರುಕಟ್ಟೆಯಲ್ಲಿ ಅವರ ಪಕ್ಕದಲ್ಲೇ ಹಣ್ಣು ಮಾರುವ ಕಲೀಮುಲ್ಲಾ ಕಣ್ಣೊರೆಸಿಕೊಂಡ. “ಈದ್ ದಿನ ಹೊಸ ಜುಬ್ಬಾ ಹಾಕ್ಕೊಂಡು ಮಾತಾಡ್ದೆ ಬಂದು ನಿಂತೆ. ‘ಅಕ್ಕಾ, ಮಲ್ಲಿಗೆ ತಗೋರಿ’ ಅಂದ್ಬಿಟ್ಲು! ಇಷ್ಟು ಗಡ್ಡ ಇಟ್ಕೊಂಡು ನಾನು ಅಕ್ಕ!”

ಒಳಗೆ ಮಗಳು ಕಾವೇರಿಯ ಶವದ ತಲೆದೆಸೆಯಲ್ಲಿ ಕೂತಿದ್ದ ಅಯ್ಯಮ್ಮನಿಗೆ ಎಲ್ಲವೂ ಕೇಳಿಸುತ್ತಿತ್ತು.

*

ಕೂಸಿದ್ದಾಗಲೇ ಕಾವೇರಿಯ ತಲೆಯಲ್ಲಿ ನೀರು ತುಂಬಿ, ಅದು ಹೊಟ್ಟೆಗಿಳಿಯಲೆಂದು ಸಣ್ಣ ಕೊಳವೆ ಇಟ್ಟಿದ್ದರು. ಒಂಬತ್ತು ತುಂಬಿದರೂ ಲಂಗವನ್ನು ಹಿಂದುಮುಂದಾಗಿ ತೊಡುತ್ತಿದ್ದಳು, ಓಣಿಯಲ್ಲೇ ದಾರಿ ತಪ್ಪುತ್ತಿದ್ದಳು. ಬೇಕೆಂದೇ ಮಾಡುತ್ತಾಳೆಂದು ಅಯ್ಯಮ್ಮ ಹೊಡೆಯುತ್ತಿದ್ದಳು. ಶಾಲೆಯವರು ದಡ್ಡಿ ಎಂದು ಮನೆಗೆ ಕಳಿಸಿದ ಮೇಲೆ, ೧೯೯೪ರಲ್ಲಿ, ಆಸ್ಪತ್ರೆಯಲ್ಲಿ ಅವಳ ಬುದ್ಧಿಯ ಪರೀಕ್ಷೆಯಾಯಿತು.

ಡಾಕ್ಟರ್ ಪ್ರಿಯದರ್ಶಿನಿ ನಾಲ್ಕು ಬಣ್ಣದ ಮರದ ತುಂಡು ಕೊಟ್ಟು ಚಿತ್ರದಲ್ಲಿರುವಂತೆ ಜೋಡಿಸಲು ಹೇಳಿದರು. ಎಷ್ಟು ಹೊತ್ತಾದರೂ ಆಗಲಿಲ್ಲ. ಅಯ್ಯಮ್ಮ ನಾಚಿಕೆಯಿಂದ ಮುಖ ತಿರುಗಿಸಿದಳು. ಆಮೇಲೆ ಡಾಕ್ಟರು ಒಬ್ಬ ಮುದುಕಿಯ ಪುಟ್ಟ ಕಥೆ ಹೇಳಿ, ಅರ್ಧ ಗಂಟೆ ಬಿಟ್ಟು ಕೇಳಿದರು. ಕಾವೇರಿ ಒಂದು ಮಾತೂ ಬಿಡದೆ ಒಪ್ಪಿಸಿದಳು.

“ಆ ಮುದುಕಿಗೆ ಹೆಸರೇ ಇಟ್ಟಿಲ್ಲಲ್ರೀ ಮೇಡಂ, ನಾ ಇಡ್ಲೇನು?”

ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. “ನೋಡಿಮ್ಮಾ, ಇವಳ ಕಣ್ಣಿಗೆ ಕಾಣುತ್ತೆ. ಕಂಡದ್ದನ್ನ ಮಿದುಳು ಜೋಡಿಸಿಕೊಳ್ಳಲ್ಲ. ಹಟ ಅಲ್ಲ ಇದು. ಕೇಳಿದ್ದನ್ನ ಮಾತ್ರ ಮರೆಯಲ್ಲ. ಏನಿದ್ರೂ ಬಾಯಲ್ಲಿ ಹೇಳಿ.”

ಅಂದು ಟಿನ್ ಫ್ಯಾಕ್ಟರಿ ನಿಲ್ದಾಣದಲ್ಲಿ ಬಸ್ಸಿಳಿದು ಅಯ್ಯಮ್ಮ ಮಗಳ ಒಂದು ಕೈಯ ಬಳೆ ಬಿಚ್ಚಿ ಹೇಳಿದಳು: “ಹಿಟ್ಟಿನ ಗಿರಣಿ ಸಪ್ಪಳ ಬಂತಂದ್ರ ಬಳಿ ಇರೋ ಕೈ ಕಡೆ ಹೊಳ್ಳು. ಹೊಲಿಗಿ ಮಷಿನ್ ಕೇಳಿದ್ರ ನಮ್ಮನಿ.”

ಕಾವೇರಿ ಓಡಿದಳು. ಅಯ್ಯಮ್ಮ ಏದುಸಿರು ಬಿಡುತ್ತ ತಲುಪಿದಾಗ ಹೊಸ್ತಿಲ ಮೇಲೆ ನಿಂತು ಕೂಗಿದಳು: “ಯಾಕವ್ವಾ, ದಾರಿ ತಪ್ಪಿದೇನು?”

*

ಈಗ ಅಯ್ಯಮ್ಮ ಹೊರಗೆ ಬಂದು ಹೊಸ್ತಿಲಲ್ಲಿ ಕೂತಳು.

“ದವಾಖಾನ್ಯಾಗ ಈ ಕಡೀ ಜ್ವರದಾಗೂ ಸುಮ್ನಿರ್ಲಿಲ್ರೀ ನನ ಮಗಳು. ನರ್ಸಮ್ಮಗ, ಎಕ್ಸ್‌ರೇ ತೆಗಿಯೋ ಹುಡುಗಗ, ‘ನಿಮ್ಮಿಬ್ಬರ ದನಿ ಚಂದ ಕೂಡತಾವ, ಲಗ್ನ ಆಗ್ರಿ’ ಅಂದ್ಲು. ಇಬ್ರೂ ನಾಚಿ ಒಬ್ಬೊಬ್ರು ಒಂದೊಂದ್ ಕಡಿ ಓಡಿದ್ರು!”

ನಗು ಓಣಿಯ ತುದಿಯವರೆಗೂ ಹೋಯಿತು. ಕೊನೆಯ ಸಾಲಿನಲ್ಲಿ, ಡ್ಯೂಟಿ ಮುಗಿಸಿ ನೇರ ಬಂದಿದ್ದ ನರ್ಸ್ ಭವ್ಯ ತಲೆ ತಗ್ಗಿಸಿದಳು. ಆಚೆ ಗೋಡೆಗೊರಗಿದ್ದ ಎಕ್ಸ್‌ರೇ ಶ್ರೀನಾಥ್ ಕಿವಿಯವರೆಗೂ ಕೆಂಪಾದ.

ತಮಟೆ ಶುರುವಾಯಿತು. ಚಟ್ಟ ಹೆಗಲೇರಿತು. ಓಣಿ ಕಿರಿದು, ಜನ ಇಬ್ಬಿಬ್ಬರಾಗಿ ಹೊರಟರು. ಎಲ್ಲರೂ ಮುಂದೆ ಹೋಗುವವರೆಗೆ ಶ್ರೀನಾಥ್ ಕಾದು ನಿಂತ, ಭವ್ಯಳೂ ನಿಂತಳು. ಆಮೇಲೆ ಇಬ್ಬರೂ ಜೊತೆಯಾಗಿ ಹೆಜ್ಜೆ ಹಾಕಿದರು.